ಅಮಾನತಾದ ಡಿಎಲ್, ಮುಗಿದ ಪಾಲಿಸಿ

ಡಿಎಲ್ ಮನುಷ್ಯನಿಗೆ ಸೇರಿದ್ದು, ವಿಮೆ ವಾಹನಕ್ಕೆ ಸೇರಿದ್ದು. ಭಾರತದಲ್ಲಿ ಇವೆರಡರ ದಾರಿ ಬೇರೆ ಬೇರೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಹಾಗಲ್ಲ. ಅಲ್ಲಿ ಕುಡಿದು ಓಡಿಸಿಯೋ ವಿಮೆಯಿಲ್ಲದೆ ಓಡಿಸಿಯೋ ಲೈಸೆನ್ಸ್ ಕಳೆದುಕೊಂಡವರು ಅದನ್ನು ಮರಳಿ ಪಡೆಯಬೇಕಾದರೆ, ಅವರಿಗೆ ವಿಮೆ ಇದೆಯೆಂದು ವಿಮಾ ಕಂಪನಿಯೇ ‘ಎಸ್‌ಆರ್-22’ ಎಂಬ ಪತ್ರವನ್ನು ಸರ್ಕಾರಕ್ಕೆ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 3 ವರ್ಷ ಈ ಪತ್ರ ಚಾಲ್ತಿಯಲ್ಲಿರಬೇಕು. ನಡುವೆ ಪಾಲಿಸಿ ನಿಂತರೆ ಲೈಸೆನ್ಸ್ ಮತ್ತೆ ಹೋಗುತ್ತದೆ. ಕರ್ನಾಟಕದಲ್ಲಿ ಇಂಥ ಪತ್ರವಿಲ್ಲ. ಹಾಗೆಂದು ಡಿಎಲ್ ಅಮಾನತಾದ ತಿಂಗಳುಗಳಲ್ಲಿ ವಿಮೆಯನ್ನು ಮರೆತರೆ ಇಲ್ಲೂ ನಷ್ಟ ತಪ್ಪುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಅಮಾನತಿನ ವ್ಯಾಪ್ತಿಯನ್ನು ಹಿಗ್ಗಿಸಿತು. ಹೆಲ್ಮೆಟ್ ಇಲ್ಲದ ಸವಾರಿಗೂ ಬೈಕಿನಲ್ಲಿ ಮೂವರು ಕೂತದ್ದಕ್ಕೂ ದಂಡದ ಜೊತೆಗೆ 3 ತಿಂಗಳ ಅನರ್ಹತೆಯನ್ನು ಕಾಯ್ದೆ ಹೇಳುತ್ತದೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಕಂಡರೆ ಮೊದಲ ಸಲ 6 ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂ. ದಂಡ, ಅಥವಾ ಎರಡೂ. ಇಂಥ ತಪ್ಪುಗಳಲ್ಲಿ ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬಹುದು. ಜಯನಗರ, ಜೆ.ಪಿ. ನಗರದವರಿಗೆ ಪರಿಚಯವಿರುವ ಕಚೇರಿ ಎಂದರೆ ಕೆಎ-05ರ ಜಯನಗರ ಆರ್‌ಟಿಒ.

ಅಮಾನತಿಗೆ ಮುನ್ನ ಡಿಎಲ್‌ದಾರರ ಮಾತನ್ನು ಅಧಿಕಾರಿ ಕೇಳಬೇಕು ಮತ್ತು ಕಾರಣಗಳನ್ನು ಆದೇಶದಲ್ಲಿ ಬರೆಯಬೇಕು. ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಅಮಾನತಾದ ಡಿಎಲ್ ಹಿಂತಿರುಗಬೇಕಾದರೆ ಅವಧಿ ಮುಗಿಯುವುದರ ಜೊತೆಗೆ ಚಾಲಕರ ಪುನಶ್ಚೇತನ ತರಬೇತಿಯನ್ನೂ ಮುಗಿಸಿರಬೇಕೆಂದು 19ನೇ ಕಲಂ ಹೇಳುತ್ತದೆ. ವಿಮೆಯ ಪುರಾವೆಯನ್ನು ಆ ಕಲಂ ಕೇಳುವುದಿಲ್ಲ. ಅನರ್ಹತೆಯ ಅವಧಿಯಲ್ಲಿ ಗಾಡಿ ಓಡಿಸಿದರೆ 3 ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂ. ದಂಡ, ಅಥವಾ ಎರಡೂ.

ವಿಮೆಯ ಪ್ರಶ್ನೆ ಬರುವುದು ರಸ್ತೆಗಿಳಿದಾಗ. 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವಂತಿಲ್ಲ. ಮೊದಲ ಸಲ ತಪ್ಪಿದರೆ 2,000 ರೂ., ಮತ್ತೆ ತಪ್ಪಿದರೆ 4,000 ರೂ. ದಂಡವನ್ನು ಕಾಯ್ದೆ ಗೊತ್ತುಮಾಡಿದೆ, ಸೆರೆವಾಸಕ್ಕೂ ಅವಕಾಶವಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿ ನಡುವಿನ ದ್ವಿಚಕ್ರ ವಾಹನಕ್ಕೆ ವರ್ಷಕ್ಕೆ 714 ರೂ., 1,000 ಸಿಸಿ ಮೀರದ ಖಾಸಗಿ ಕಾರಿಗೆ 2,094 ರೂ.; ಜಿಎಸ್‌ಟಿ ಪ್ರತ್ಯೇಕ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ಪ್ರತಿಯನ್ನು ಪೊಲೀಸರಿಗೆ ತೋರಿಸಿದರೆ ಸಾಕು.

ಹೆಚ್ಚು ಹಣ ಹೋಗುವುದು ದಂಡದಲ್ಲಲ್ಲ, ನೋ ಕ್ಲೇಮ್ ಬೋನಸ್‌ನಲ್ಲಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45. ಐದನೇ ವರ್ಷಕ್ಕೆ ಶೇ 50. ಈ ರಿಯಾಯಿತಿ ಸಿಗುವುದು ಸ್ವಂತ ವಾಹನದ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಮಾತ್ರ. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಪೂರ್ತಿ ಹೋಗುತ್ತದೆ. 3 ತಿಂಗಳ ಅಮಾನತು, 90 ದಿನಗಳ ಗಡುವು: ಅಪಾಯವಿರುವುದೇ ಇಲ್ಲಿ.

ಈ ಅಂಕಣಕಾರನ ಜೆ.ಪಿ. ನಗರದ ಮನೆಯಲ್ಲಿ ನಡೆದದ್ದೂ ಇದೇ. ತಮ್ಮನ ಡಿಎಲ್ 3 ತಿಂಗಳಿಗೆ ಅಮಾನತಾದ ವಾರದಲ್ಲೇ ಅವನ ಕಾರಿನ ಪಾಲಿಸಿ ಮುಗಿಯಿತು. ‘ಓಡಿಸೋದೇ ಇಲ್ಲವಲ್ಲ, ಈಗ್ಯಾಕೆ ದುಡ್ಡು ಕಟ್ಟೋದು’ ಎಂದಾಗ ಮನೆಮಂದಿಯೆಲ್ಲ ಹೂಂ ಎಂದರು. ತರಬೇತಿ ಮುಗಿದು ಡಿಎಲ್ ಕೈಗೆ ಬರುವಷ್ಟರಲ್ಲಿ 90 ದಿನ ದಾಟಿತ್ತು. ಕಾರಿನ ತಪಾಸಣೆ ಮಾಡಿಸಬೇಕಾಯಿತು. ಶೇ 50ರ ಬೋನಸ್‌ನಿಂದ 5,200 ರೂ. ಆಗಬೇಕಿದ್ದ ಸ್ವಂತ ಹಾನಿಯ ಪ್ರೀಮಿಯಂ 10,400 ರೂ. ಆಯಿತು. ಐದು ವರ್ಷ ಜೋಪಾನವಾಗಿ ಓಡಿಸಿ ಗಳಿಸಿದ್ದು ಹೀಗೆ ಹೋಯಿತು; ಅದೇ ಮಟ್ಟದ ಬೋನಸ್ ಸಿಗಲು ಮತ್ತೆ ಐದು ವರ್ಷ ಬೇಕು.

ವಿಮೆ ಚಾಲ್ತಿಯಲ್ಲಿದ್ದರೂ ಡಿಎಲ್ ಅಮಾನತಿನಲ್ಲಿರುವಾಗ ಗಾಡಿ ಓಡಿಸಿದರೆ ಸ್ಥಿತಿ ಇನ್ನೂ ಕಠಿಣ. ಅನರ್ಹ ಚಾಲಕ ಅಪಘಾತ ಮಾಡಿದರೆ ಸ್ವಂತ ಹಾನಿಯ ಕ್ಲೇಮ್ ತಿರಸ್ಕೃತವಾಗಬಹುದು. ಮಾಲೀಕ ಚಾಲಕರ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆಗೂ ಊರ್ಜಿತ ಡಿಎಲ್ ಬೇಕು. ಗಾಯಗೊಂಡ ಮೂರನೆಯವರಿಗೆ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಬಳಿಕ ಅದನ್ನು ವಾಹನ ಮಾಲೀಕರಿಂದ ವಸೂಲಿ ಮಾಡುವ ದಾರಿಯನ್ನು ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಸ್ಪಷ್ಟಪಡಿಸಿತು. ಆ ಮೊತ್ತ ಲಕ್ಷಗಳಲ್ಲಿರಬಹುದು.

ಚಾಲಕರ ನಡತೆಯನ್ನು ಪ್ರೀಮಿಯಂಗೆ ಜೋಡಿಸುವ ಆಲೋಚನೆಯೂ ಇಲ್ಲಿ ಬಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡ 2021ರ ಜನವರಿಯಲ್ಲಿ ‘ಸಂಚಾರ ಉಲ್ಲಂಘನೆ ಪ್ರೀಮಿಯಂ’ ಸೂಚಿಸಿತು. ಅದರಲ್ಲಿ ಕುಡಿದು ಓಡಿಸಿದ್ದಕ್ಕೆ 100 ಅಂಕ, ತಪ್ಪು ಪಾರ್ಕಿಂಗ್‌ಗೆ 10 ಅಂಕ. ಅಂಕ ಏರಿದಂತೆ ಪ್ರೀಮಿಯಂ ಏರುತ್ತದೆ.

ಅಮಾನತಿನ ಆದೇಶ ಬಂದ ದಿನವೇ ಮನೆಯ ಎಲ್ಲ ವಾಹನಗಳ ಪಾಲಿಸಿ ಮುಗಿಯುವ ದಿನಾಂಕ ನೋಡಿಕೊಳ್ಳಬೇಕು. ನಡುವೆ ಮುಗಿಯುವುದನ್ನು ಸಮಯಕ್ಕೆ ನವೀಕರಿಸಬೇಕು. ತರಬೇತಿಯನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು. ಡಿಎಲ್ ಮರಳಿದ ಮೇಲೂ, ಅದು ಊರ್ಜಿತವೆಂದು ದಾಖಲೆಯಲ್ಲಿ ಖಚಿತವಾಗುವವರೆಗೆ ಗಾಡಿಯ ಕೀಲಿ ಮುಟ್ಟಬಾರದು.