ಕಡಲತಳದ ಗಣಿ: ನೌರು ‘ಬೇಕು’ ಎಂದದ್ದೇಕೆ?

ಖನಿಜ ಸಂಪತ್ತಿನ ಪಾಠ ಮಾಡುವಾಗ ತರಗತಿಯಲ್ಲಿ ‘ಸಮುದ್ರದ ತಳದಲ್ಲಿ ಗಣಿಗಾರಿಕೆ ಬೇಕೇ?’ ಎಂದು ಕೇಳಿದೆ. ಹೆಚ್ಚಿನವರು ‘ಬೇಡ’ ಎಂದರು. ಒಬ್ಬ ವಿದ್ಯಾರ್ಥಿನಿ ಮಾತ್ರ, ‘ಸರ್, ಬ್ಯಾಟರಿಗೆ ಕೋಬಾಲ್ಟ್ ಎಲ್ಲಿಂದಾದರೂ ಬರಲೇಬೇಕಲ್ಲ?’ ಎಂದಳು. ಅಂದು ನಾನು ಕೊಟ್ಟ ಉತ್ತರ ಅರ್ಧಕ್ಕೇ ನಿಂತಿತು. ಅದಕ್ಕಾಗಿ ಈ ಬರಹ.

ಪೆಸಿಫಿಕ್ ಸಾಗರದಲ್ಲಿ ಹವಾಯಿ ಮತ್ತು ಮೆಕ್ಸಿಕೋ ನಡುವೆ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯವಿದೆ. ಅಲ್ಲಿ ಸುಮಾರು 4,000 ಮೀಟರ್‌ಗೂ ಹೆಚ್ಚು ಆಳದಲ್ಲಿ ಆಲೂಗಡ್ಡೆ ಗಾತ್ರದ ಲೋಹದ ಉಂಡೆಗಳು ಹರಡಿವೆ. ಅವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವೆ. ಅವು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ದೇಶಗಳ ವ್ಯಾಪ್ತಿಯಾಚೆಗಿನ ಸಾಗರತಳದ ಸಂಪತ್ತು ಇಡೀ ಮನುಕುಲಕ್ಕೆ ಸೇರಿದ್ದೆಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೇಳುತ್ತದೆ. ಅದನ್ನು ನೋಡಿಕೊಳ್ಳುವುದು ಜಮೈಕಾದಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ.

2021ರಲ್ಲಿ ನೌರು ಎಂಬ ಪುಟ್ಟ ದ್ವೀಪರಾಷ್ಟ್ರ, ಎರಡು ವರ್ಷದೊಳಗೆ ಗಣಿ ನಿಯಮಗಳನ್ನು ಮುಗಿಸಬೇಕೆಂದು ಪ್ರಾಧಿಕಾರವನ್ನು ಒತ್ತಾಯಿಸಿತು. ಗಡುವು ಮುಗಿದರೂ ನಿಯಮ ಸಿದ್ಧವಾಗಲಿಲ್ಲ. ನೌರುವಿಗೆ ಈ ಆತುರವೇಕೆ? 21 ಚ.ಕಿ.ಮೀ. ವಿಸ್ತೀರ್ಣದ ಆ ದ್ವೀಪದಲ್ಲಿ ಹೊರಗಿನವರು ದಶಕಗಳ ಕಾಲ ಗೊಬ್ಬರಕ್ಕಾಗಿ ಫಾಸ್ಫೇಟ್ ಅಗೆದರು. 1968ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಅಗೆತ ನಿಲ್ಲಲಿಲ್ಲ. ನಡುನೆಲ ಬರಡಾಯಿತು, ಬಂದ ಹಣವೂ ಕರಗಿತು. ಈಗ ಆದಾಯಕ್ಕೆ ಕಡಲನ್ನೇ ನೋಡುತ್ತಿದೆ. ಆದರೆ ಅದೇ ಸಾಗರದ ಪಲಾವು ಮತ್ತು ಫಿಜಿ, ಸದ್ಯಕ್ಕೆ ಗಣಿ ಬೇಡವೆಂದು 2022ರಲ್ಲಿ ಒಂದಾದವು. ಯಂತ್ರ ಎಬ್ಬಿಸುವ ಕೆಸರು ಕಡಲಜೀವಿಗಳಿಗೆ ಏನು ಮಾಡುತ್ತದೆಂದು ತಿಳಿಯುವವರೆಗೆ ಕಾಯಬೇಕು ಎಂಬುದು ವಿರೋಧಿಸುವವರ ವಾದ.

ನಾವೂ ದೂರ ನಿಂತವರಲ್ಲ. ಮಧ್ಯ ಹಿಂದೂ ಮಹಾಸಾಗರದ 75,000 ಚ.ಕಿ.ಮೀ. ಪ್ರದೇಶದಲ್ಲಿ ಇಂಥ ಉಂಡೆಗಳ ಅನ್ವೇಷಣೆಗೆ ಭಾರತಕ್ಕೆ ಹಕ್ಕಿದೆ.

ಇನ್ನು ಆ ವಿದ್ಯಾರ್ಥಿನಿಯ ಪ್ರಶ್ನೆ. ಇಂದು ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಬಾಲ್ಟ್ ಕಾಂಗೋದಿಂದ ಬರುತ್ತದೆ. ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ. ಆದ್ದರಿಂದ ಕಡಲಿಗೆ ‘ಬೇಡ’ ಎಂದು ಕೈಯೆತ್ತಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುವುದಿಲ್ಲ. ಕೋಬಾಲ್ಟ್ ಇಲ್ಲದ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗಳು ಈಗಾಗಲೇ ವಾಹನಗಳಲ್ಲಿವೆ. ಹಳೆಯ ಬ್ಯಾಟರಿಯಿಂದ ಲೋಹವನ್ನು ಮತ್ತೆ ತೆಗೆಯಬಹುದು. ಅಗೆಯುವ ಮೊದಲು ಈ ದಾರಿಗಳನ್ನು ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ನಂಬಿ ಒಪ್ಪಿಸಿದ ವಸ್ತುವನ್ನು ನಾವು ಅಮಾನತ್ ಎನ್ನುತ್ತೇವೆ. ಭೂಮಿಯೂ ಕಡಲೂ ಅಂಥದ್ದೇ. ನಿಮ್ಮ ಮನೆಯ ಕಪಾಟಿನಲ್ಲಿ ಕೆಟ್ಟುಹೋದ ಮೊಬೈಲ್‌ಗಳು ಎಷ್ಟಿವೆ, ಎಣಿಸಿಕೊಂಡು ಬನ್ನಿ. ಮುಂದಿನ ಪಾಠವನ್ನು ಅಲ್ಲಿಂದಲೇ ಆರಂಭಿಸೋಣ.