ಮುಪ್ಪಿನ ಮರೆವು: ಅಳಿದುದೇನು, ಉಳಿದುದೇನು

ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ, ಕೆರೆಯ ಬಳಿ, ಸ್ಕೌಟ್ ಶಿಬಿರ ಕೇಂದ್ರವೊಂದಿದೆ. ನಮ್ಮ ವಿದ್ಯಾರ್ಥಿ ವಾಚಕರಲ್ಲಿ ಕೆಲವರು ಅಲ್ಲಿ ದಿನ ಕಳೆದಿರಲೂಬಹುದು. ಸ್ಕೌಟುಗಳಿಗೆ ‘ಕಿಮ್ ಆಟ’ವೆಂಬುದು ಚಿರಪರಿಚಿತವಾದುದು. ಬೀಗದ ಕೈ, ಗುಂಡಿ, ಪೆನ್ಸಿಲು ಮೊದಲಾದ ಇಪ್ಪತ್ತು ಮೂವತ್ತು ಸಣ್ಣ ವಸ್ತುಗಳನ್ನು ಹರಡಿ, ಒಂದು ನಿಮಿಷ ನೋಡಗೊಟ್ಟು, ಮೇಲೆ ಬಟ್ಟೆ ಮುಚ್ಚುವರು. ಕಂಡುದನ್ನೆಲ್ಲ ನೆನಪಿನಿಂದ ಬರೆಯಬೇಕು. ಕಿಪ್ಲಿಂಗನ ‘ಕಿಮ್’ ಕಾದಂಬರಿಯಿಂದ ಆಯ್ದು ಬೇಡನ್ ಪೊವೆಲನು 1908ರ ತನ್ನ ಸ್ಕೌಟ್ ಕೈಪಿಡಿಯಲ್ಲಿ ಸೇರಿಸಿದ ಆಟವಿದು.

ಎಪ್ಪತ್ತು ದಾಟಿದ, ಈಚೆಗೆ ಮರೆವು ತೊಡಗಿರುವ ಆ ಊರಿನ ಅಜ್ಜಿಯೊಬ್ಬರನ್ನು ಈ ಆಟಕ್ಕೆ ಕೂರಿಸಿದೆವೆಂದು ಕಲ್ಪಿಸಿಕೊಳ್ಳೋಣ. ಎರಡು ಮೂರು ವಸ್ತುಗಳನ್ನು ಹೇಳಿ ಅವರು ಸುಮ್ಮನಾಗುವರು. ಆದರೆ ಅದೇ ಅಜ್ಜಿ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ತೆಳ್ಳಗೆ ರೊಟ್ಟಿ ತಟ್ಟುವಾಗ ಕೈ ಎಲ್ಲಿಯೂ ತಡೆಯದು. ದಾವಣಗೆರೆಯ ಹತ್ತಿ ಗಿರಣಿಗಳು ಭರದಿಂದ ಓಡುತ್ತಿದ್ದ ಕಾಲವನ್ನು ವರ್ಣಿಸತೊಡಗಿದರೆ ಮಾತು ತಡವರಿಸದು. ಇವರ ಸ್ಮರಣಶಕ್ತಿ ಹಾಳಾಗಿದೆಯೆನ್ನಬೇಕೋ, ಚೆನ್ನಾಗಿದೆಯೆನ್ನಬೇಕೋ?

ಎರಡೂ ನಿಜ; ಏಕೆಂದರೆ ಸ್ಮರಣೆಯೆಂಬುದು ಒಂದೇ ಶಕ್ತಿಯಲ್ಲ. ಹೊಸದಾಗಿ ಕಂಡು ಕೇಳಿದ ಸಂಗತಿಗಳನ್ನು ನೆಲೆಗೊಳಿಸಲು ಮಿದುಳಿನ ಒಳಬದಿಯಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಆಕಾರದಲ್ಲಿ ಕಡಲಕುದುರೆಯನ್ನು ಹೋಲುವುದರಿಂದ ಅದಕ್ಕೆ ಆ ಗ್ರೀಕ್ ಹೆಸರು. ಅಲ್ಜೈಮರ್ ರೋಗವು ಸಾಮಾನ್ಯವಾಗಿ ಮೊದಲು ಪೀಡಿಸುವುದು ಇದನ್ನೂ ಇದರ ನೆರೆಯನ್ನೂ. ಕೈಗೆ ರೂಢಿಯಾದ ಕೆಲಸಗಳ ನೆನಪು ಮಿದುಳಿನ ಬೇರೆ ಭಾಗಗಳನ್ನು ಅವಲಂಬಿಸಿರುವುದರಿಂದ ಬಹುಕಾಲ ಉಳಿಯುತ್ತದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನ ಮೂರ್ಛೆರೋಗಕ್ಕಾಗಿ ಹಿಪ್ಪೊಕ್ಯಾಂಪಸಿನ ಬಹುಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಅಂದಿನಿಂದ ಆತನಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದಾಯಿತು. ಆದರೂ ಕನ್ನಡಿಯಲ್ಲಿ ಕಾಣುವ ಚಿತ್ರವನ್ನು ನೋಡುತ್ತ ಗೆರೆಯೆಳೆಯುವ ಕೆಲಸವನ್ನು ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಂದ ದಿನದಿನವೂ ಮಾಡಿಸಿದಾಗ, ಕೈ ಪಳಗುತ್ತ ಹೋಯಿತು; ನಿನ್ನೆ ಇದನ್ನು ಮಾಡಿದ್ದೆನೆಂಬುದು ಮಾತ್ರ ಆತನಿಗೆ ತಿಳಿಯದು!

ಉಳಿಯುವ ಇನ್ನೊಂದು ಅಂಶವಿದೆ. ಅದು ಮನೆಯವರೆಲ್ಲರೂ ಅರಿಯಬೇಕಾದುದು. 2014ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಅಲ್ಜೈಮರ್ ರೋಗಿಗಳಿಗೆ ದುಃಖದ ಹಾಗೂ ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಚಿತ್ರದಲ್ಲೇನಿತ್ತೆಂಬುದು ರೋಗಿಗಳಿಗೆ ಬಹುಮಟ್ಟಿಗೆ ಮರೆತುಹೋಯಿತು. ಆದರೆ ಅದು ಹುಟ್ಟಿಸಿದ ಭಾವ ಮಾತ್ರ ಹಾಗೆಯೇ ಇತ್ತು. ಬೆಳಗ್ಗೆ ನಾವು ಗದರಿಸಿದುದನ್ನು ಅಜ್ಜಿ ಮರೆಯಬಹುದು. ಕಾರಣವೇ ತಿಳಿಯದ ಒಂದು ನೋವು ಅವರಲ್ಲಿ ನಿಂತಿರುತ್ತದೆ. ‘ಹೇಗೂ ಮರೆತುಬಿಡುತ್ತಾರೆ’ ಎಂಬ ಸಮಾಧಾನಕ್ಕೆ ಆಧಾರವಿಲ್ಲವೆಂದಾಯಿತು.

ಮನಶ್ಶಾಸ್ತ್ರವು ಬಹುಕಾಲ ಮನಸ್ಸಿನ ರೋಗಗಳನ್ನೇ ಹೆಚ್ಚಾಗಿ ಅಭ್ಯಸಿಸುತ್ತಿದ್ದಿತು. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷನಾಗಿದ್ದ ಮಾರ್ಟಿನ್ ಸೆಲಿಗ್‌ಮನ್, ಮನುಷ್ಯನಲ್ಲಿ ಗಟ್ಟಿಯಾಗಿರುವುದೇನು, ಬಾಳು ಹಸನಾಗುವುದು ಯಾವುದರಿಂದ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಶೋಧಿಸಬೇಕೆಂದು ಕರೆಕೊಟ್ಟನು. ಇದಕ್ಕೆ ಸಕಾರಾತ್ಮಕ ಮನಶ್ಶಾಸ್ತ್ರವೆಂದು ಹೆಸರಾಯಿತು. ಹೆಸರು ಕೇಳಿ, ಇದು ಸದಾ ನಗುತ್ತಿರಬೇಕೆಂಬ ಬೋಧನೆಯೆಂದು ತಿಳಿಯಲಾಗದು. ಅರ್ಥವುಳ್ಳ ಕೆಲಸ, ನಂಟಿನ ಆಸರೆ, ಕೃತಜ್ಞತೆ, ತಾನು ಬೇಕಾದವನೆಂಬ ಅರಿವು, ಇವು ಇದರ ವಿಷಯಗಳು.

ನಮ್ಮಲ್ಲಿ ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯುಂಟು. ಗಾದೆಗಳಲ್ಲಿ ನಮಗೆ ಗೌರವವಿದೆ. ಇದರಲ್ಲಿ ಮಾತ್ರ ಇಲ್ಲ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದರ ಅಂದಾಜಿನಂತೆ, 60 ತುಂಬಿದವರಲ್ಲಿ ಡಿಮೆನ್ಷಿಯಾ, ಎಂದರೆ ನಿತ್ಯಜೀವನಕ್ಕೇ ತೊಡಕಾಗುವಷ್ಟು ಬುದ್ಧಿಯ ಕುಂದು, ಇರುವುದು ನೂರಕ್ಕೆ 7.4 ಮಂದಿಗೆ. ಅದಕ್ಕೂ ಮುನ್ನಿನ ಸೌಮ್ಯ ಹಂತದಲ್ಲಿರುವವರೆಲ್ಲರೂ ಅಲ್ಲಿಗೇ ಜಾರುವುದಿಲ್ಲ. ಕೆಲವರು ಮೊದಲಿನ ಸ್ಥಿತಿಗೆ ಮರಳುವುದೂ ಉಂಟು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಎಂಬಾಕೆ ಅಂಥ ಹಂತದ 1,700ಕ್ಕೂ ಹೆಚ್ಚು ಅಮೆರಿಕನ್ ವೃದ್ಧರ ವಿವರಗಳನ್ನು ಪರಿಶೀಲಿಸಿದಳು. ಮುಪ್ಪಿನ ವಿಷಯದಲ್ಲಿ ಒಳ್ಳೆಯ ಭಾವನೆಯುಳ್ಳವರು, ಕೀಳು ಭಾವನೆಯುಳ್ಳವರಿಗಿಂತ ಶೇಕಡಾ 30ರಷ್ಟು ಹೆಚ್ಚಾಗಿ ಚೇತರಿಸಿಕೊಂಡುದು ಕಂಡುಬಂದಿತು. ಇವೆರಡೂ ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗಲಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಆದರೂ ಅಜ್ಜಿಯ ಎದುರಿಗೇ ಆ ಗಾದೆಯನ್ನಾಡುವುದು ನಿರಪಾಯವಾದ ವಿನೋದವಲ್ಲವೆಂದು ಶಂಕಿಸಲು ಇಷ್ಟು ಸಾಕು.

ಇನ್ನು ಮನೆಯೊಳಗೆ ಬರೋಣ. ಅಜ್ಜಿ ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದರು. ‘ಅಜ್ಜೀ, ನೀನು ಸುಮ್ಮನೆ ಕೂತಿರು’ ಎಂದು ಮೊಮ್ಮಕ್ಕಳು ಅಕ್ಕರೆಯಿಂದಲೇ ಹೇಳುವರು. ಅಂದು ಅಡಿಗೆಮನೆ ಹೋಯಿತು. ಮುಂದೆ ಸಂತೆ, ಹಣದ ಲೆಕ್ಕ, ಹಸುವಿನ ಆರೈಕೆ ಒಂದೊಂದಾಗಿ ಹೋಗುವುವು. ರೋಗ ಕಿತ್ತುಕೊಂಡುದು ಉಪ್ಪಿನ ನೆನಪನ್ನು. ಮನೆಯವರು ಕಿತ್ತುಕೊಂಡುದು ರೊಟ್ಟಿ ತಟ್ಟುವ ಕೈಗಳ ಕೆಲಸವನ್ನು. ಇದಕ್ಕೆ ಬದಲು ಉಪ್ಪನ್ನು ಮೊಮ್ಮಗಳು ಅಳೆದು ಕೊಡಲಿ. ಉಳಿದ ಅಡಿಗೆ ಅಜ್ಜಿಯದೇ ಆಗಲಿ. ‘ನಾನ್ಯಾರು ಹೇಳು ನೋಡೋಣ?’ ಎಂದು ಪರೀಕ್ಷಿಸುವುದಕ್ಕಿಂತ, ‘ಅಜ್ಜೀ, ನಾನು ನಿನ್ನ ಮಗಳ ಮಗ ಬಂದಿದ್ದೇನೆ’ ಎಂದು ಸುಳುಹು ಕೊಟ್ಟೇ ಮಾತು ತೊಡಗುವುದು ಲೇಸು.

ಅವರು ಹಳೆಯದನ್ನೇ ಹೇಳುವರೆಂದು ಬೇಸರಪಡುವವರುಂಟು. ಹಿಂದೆ ವೈದ್ಯರು ಕೂಡ ಇದನ್ನು ಬುದ್ಧಿಮಾಂದ್ಯದ ಲಕ್ಷಣವೆಂದೇ ಎಣಿಸುತ್ತಿದ್ದರು. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕನ್ ಮನೋವೈದ್ಯನು, ಕಳೆದ ಬಾಳನ್ನು ತಿರುಗಿ ನೋಡಿ ತೂಗುವುದು ಮುಪ್ಪಿನ ಸಹಜ ವ್ಯಾಪಾರವೆಂದು ವಾದಿಸಿದನು. ಅಜ್ಜಿ ತಮ್ಮ ಊರು ಚಿತ್ರದುರ್ಗ ಜಿಲ್ಲೆಯಲ್ಲಿದೆಯೆಂದರೆ ನಗಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯಾದುದೇ 1997ರಲ್ಲಿ. ಅದಕ್ಕೆ ಮುಂಚಿನ ಸಂಗತಿಗಳನ್ನು ಕೇಳಿ ಬರೆದಿಟ್ಟುಕೊಂಡರೆ ಅಜ್ಜಿಗೂ ನೆಮ್ಮದಿ, ಊರಿಗೂ ಒಂದು ಚರಿತ್ರೆ.

ಮೇಲೆ ಹೇಳಿದ ಅಧ್ಯಯನಗಳಲ್ಲಿ ಬಹುಪಾಲು ಪಶ್ಚಿಮದವು. ಓದುಬರಹವಿಲ್ಲದ ನಮ್ಮ ಹಳ್ಳಿಯ ಹಿರಿಯರಿಗೆ ಕಾಗದ ಪೆನ್ಸಿಲಿನ ಪರೀಕ್ಷೆಗಳು ಸಲ್ಲವು. ಇಂಥವರ ಮಿದುಳಿನ ಮುಪ್ಪನ್ನು ಅರಿಯಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ತುಂಬಿದ ಗ್ರಾಮಸ್ಥರನ್ನು 2018ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನಕ್ಕೆ ಒಳಪಡಿಸಿದ್ದಾರೆ.

ಈ ಕ್ರಮಗಳಿಂದ ರೋಗ ಗುಣವಾಗದು. ಮರೆವು ಕಂಡ ಕೂಡಲೆ ವೈದ್ಯರ ಬಳಿಗೆ ಕರೆದೊಯ್ಯಬೇಕು, ಏಕೆಂದರೆ ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಖಿನ್ನತೆ, ಕೆಲವು ಔಷಧಗಳು ಕೂಡ ಮರೆವನ್ನು ತರಬಲ್ಲವು, ಇವಕ್ಕೆ ಪರಿಹಾರವುಂಟು. ಕಿವಿ ಮಂದವಾಗಿದ್ದರೆ ಮಾತು ಒಳಗೆ ಹೋಗಿರುವುದೇ ಇಲ್ಲ, ಇನ್ನು ನೆನಪಿರುವುದೆಲ್ಲಿ? ಮರೆವು ತೊಡಗಿದುದು ಎಂದಿನಿಂದ, ಯಾವ ಕೆಲಸದಲ್ಲಿ ತೊಡಕಾಗುತ್ತಿದೆ, ಯಾವುದನ್ನು ಎಂದಿನಂತೆಯೇ ಮಾಡುತ್ತಿದ್ದಾರೆ ಎಂಬುದನ್ನು ಮನೆಯ ವಿದ್ಯಾರ್ಥಿಯೇ ಒಂದು ಹಾಳೆಯಲ್ಲಿ ಬರೆದುಕೊಂಡು ಜೊತೆಗೆ ಹೋದರೆ ವೈದ್ಯರಿಗೆ ಬಹಳ ಉಪಕಾರವಾಗುತ್ತದೆ.