ಶರಾವತಿ ಪಂಪ್ಡ್ ಸ್ಟೋರೇಜ್: ಅನುಮತಿ ಕೊಡುವಾಗ ಜನರನ್ನು ಯಾವಾಗ ಕೇಳ್ತಾರೆ?

ನಮ್ಮ ಸಿಲೆಬಸ್‌ನಲ್ಲಿ ಪಂಪ್ಡ್ ಸ್ಟೋರೇಜ್ ಅಂದರೆ ಒಂದು ಡಯಾಗ್ರಾಂ. ಮೇಲೊಂದು ಜಲಾಶಯ, ಕೆಳಗೊಂದು ಜಲಾಶಯ, ಮಧ್ಯೆ ಪೆನ್‌ಸ್ಟಾಕ್. ಆ ಚಿತ್ರದಲ್ಲಿ ಊರೂ ಇಲ್ಲ, ಕಾಡೂ ಇಲ್ಲ, ಜನಾನೂ ಇಲ್ಲ. ಆದರೆ ನಿಜವಾದ ಯೋಜನೆಯಲ್ಲಿ ಇವೆಲ್ಲ ಇರುತ್ತವೆ. ಅವರ ಮಾತು ಯಾವ ಹಂತದಲ್ಲಿ, ಹೇಗೆ ಫೈಲಿಗೆ ಸೇರುತ್ತದೆ ಅನ್ನೋದನ್ನು ಶರಾವತಿಯ ಉದಾಹರಣೆ ಇಟ್ಟುಕೊಂಡು ನೋಡೋಣ.

ಯೋಜನೆ ಏನು?

ಕರ್ನಾಟಕ ವಿದ್ಯುತ್ ನಿಗಮದ ಪ್ರಸ್ತಾವ ಇದು. ಮೇಲಿನ ಜಲಾಶಯ ಸಾಗರ ತಾಲ್ಲೂಕಿನ ತಲಕಳಲೆ, ಕೆಳಗಿನದು ಗೇರುಸೊಪ್ಪ. ಎರಡೂ ಈಗಾಗಲೇ ಇವೆ. ಹೊಸದಾಗಿ ಬರಬೇಕಾದದ್ದು ಸುರಂಗಗಳು, ಭೂಗತ ಪವರ್‌ಹೌಸ್ ಮತ್ತು ರಸ್ತೆಗಳು. ಸಾಮರ್ಥ್ಯ 2,000 ಮೆಗಾವ್ಯಾಟ್. ಇದಕ್ಕೆ ಸುಮಾರು 54 ಹೆಕ್ಟೇರ್ ಅರಣ್ಯ ಭೂಮಿ ಬೇಕು. ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ್ದು.

ಒಂದು ಚಿಕ್ಕ ಲೆಕ್ಕ ಮಾಡೋಣ. ಎರಡು ಜಲಾಶಯಗಳ ಎತ್ತರದ ವ್ಯತ್ಯಾಸ ಸುಮಾರು 460 ಮೀಟರ್. ಒಂದು ಘನ ಮೀಟರ್ ನೀರು ಅಷ್ಟು ಇಳಿದರೆ, 90% ದಕ್ಷತೆ ಹಿಡಿದರೂ, ಸುಮಾರು 1.1 ಯೂನಿಟ್ ಸಿಗುತ್ತದೆ. ಪೂರ್ತಿ ಸಾಮರ್ಥ್ಯದಲ್ಲಿ 6 ಗಂಟೆ ಓಡಿಸಿದರೆ 1.2 ಕೋಟಿ ಯೂನಿಟ್. ಅದಕ್ಕೆ 1 ಕೋಟಿ ಘನ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು ಇಳಿಯಬೇಕು, ಆಮೇಲೆ ವಾಪಸ್ ಹತ್ತಬೇಕು. ಹೋಗಿಬರುವ ಒಟ್ಟು ದಕ್ಷತೆ 80% ಅಂದುಕೊಂಡರೆ ಪಂಪ್ ಮಾಡಲು 1.5 ಕೋಟಿ ಯೂನಿಟ್ ಬೇಕು. ಅಂದರೆ ಇದು ವಿದ್ಯುತ್ ಹುಟ್ಟಿಸುವ ಯೋಜನೆ ಅಲ್ಲ, ಕೂಡಿಡುವ ಯೋಜನೆ. ಮಧ್ಯಾಹ್ನದ ಸೋಲಾರ್ ವಿದ್ಯುತ್ತನ್ನು ಸಂಜೆಗೆ ಎತ್ತಿಡುವುದು. ಆ ಅಗತ್ಯ ನಿಜವಾದದ್ದೇ. ಆದರೆ ಅದನ್ನು ಇದೇ ಕಾಡಿನಲ್ಲಿ ಪೂರೈಸಬೇಕಾ ಅನ್ನೋದು ಬೇರೆ ಪ್ರಶ್ನೆ.

ಲೈಸೆನ್ಸ್ ಯಾರು ಕೊಡ್ತಾರೆ?

ಅಮೆರಿಕದಲ್ಲಿ ಖಾಸಗಿಯವರ ಇಂಥ ಯೋಜನೆಗಳಿಗೆ ಸಾಮಾನ್ಯವಾಗಿ ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್ ಲೈಸೆನ್ಸ್ ಕೊಡುತ್ತದೆ. ಜನ ಅಲ್ಲೇ ಅಭಿಪ್ರಾಯ ಸಲ್ಲಿಸಬಹುದು, ಅಧಿಕೃತವಾಗಿ ಪ್ರಕರಣದ ಪಕ್ಷಗಾರರೂ ಆಗಬಹುದು. ನಮ್ಮಲ್ಲಿ ಹಾಗೆ ಒಂದೇ ಬಾಗಿಲು ಇಲ್ಲ. ವಿದ್ಯುತ್ ಕಾಯ್ದೆ 2003ರ ಪ್ರಕಾರ ದೊಡ್ಡ ಜಲವಿದ್ಯುತ್ ಯೋಜನೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸಮ್ಮತಿ ಬೇಕು. ಅದರ ಜೊತೆ ಪರಿಸರ ಅನುಮತಿ, ಅರಣ್ಯ ಅನುಮತಿ, ಅಭಯಾರಣ್ಯವಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಶಿಫಾರಸು. ಇಷ್ಟರಲ್ಲಿ, ಯಾರು ಬೇಕಾದರೂ ಬಂದು ಮೈಕ್ ಹಿಡಿದು ಮಾತಾಡಬಹುದಾದ ಜಾಗ ಒಂದೇ: ಪರಿಸರ ಅನುಮತಿಗೆ ಮುಂಚಿನ ಸಾರ್ವಜನಿಕ ಅಹವಾಲು ಸಭೆ.

ಅದೂ ಮೊದಲ ಹಂತವಲ್ಲ. 2006ರ ಇಐಎ ಅಧಿಸೂಚನೆಯಲ್ಲಿ ನಾಲ್ಕು ಹಂತ ಇವೆ: ಸ್ಕ್ರೀನಿಂಗ್, ಸ್ಕೋಪಿಂಗ್, ಸಾರ್ವಜನಿಕ ಸಮಾಲೋಚನೆ, ಅಪ್ರೈಸಲ್. ಯಾವ ವಿಷಯ ಅಧ್ಯಯನ ಮಾಡಬೇಕು ಅಂತ ಎರಡನೇ ಹಂತದಲ್ಲೇ ತೀರ್ಮಾನ ಆಗಿರುತ್ತದೆ. ಜನ ಬರುವುದು ಮೂರನೆಯದರಲ್ಲಿ. ಶರಾವತಿ ವಿಷಯದಲ್ಲಿ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರ ಜೂನ್‌ನಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಅಹವಾಲು ಸಭೆ ನಡೆದದ್ದು ಸೆಪ್ಟೆಂಬರ್‌ನಲ್ಲಿ: 16ರಂದು ಕಾರ್ಗಲ್‌ನಲ್ಲಿ, 18ರಂದು ಗೇರುಸೊಪ್ಪದಲ್ಲಿ. ಎರಡೂ ಕಡೆ ಜೋರು ವಿರೋಧ ಬಂತು.

ಸಭೆಯ ನಿಯಮಗಳು

ಸಭೆ ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿಯದು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಇಂಗ್ಲಿಷ್ ಜೊತೆ ಕನ್ನಡದಲ್ಲೂ ಸಿಗಬೇಕು. ಸಭೆಯ ವಿಡಿಯೊ ಆಗಬೇಕು, ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು.

ಎರಡು ನಿಯಮ ವಿಶೇಷವಾಗಿ ನೆನಪಿಡಬೇಕು. ಒಂದು, ಸಭೆಗೆ ಕೋರಂ ಇಲ್ಲ. ಹತ್ತೇ ಜನ ಬಂದರೂ ಸಭೆ ನಡೆದಂತೆಯೇ. ಎರಡು, ಇಲ್ಲಿ ವೋಟಿಂಗ್ ಇಲ್ಲ. ಸಾವಿರ ಜನ "ಬೇಡ" ಅಂದರೂ ಅದರಿಂದಲೇ ಯೋಜನೆ ನಿಲ್ಲುವುದಿಲ್ಲ. ಹಾಗಾದರೆ ಹೋಗಿ ಏನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಇದೆ. ಎತ್ತಿದ ಪರಿಸರ ಸಂಬಂಧಿ ಆಕ್ಷೇಪಗಳಿಗೆ ಅರ್ಜಿದಾರರು ಉತ್ತರಿಸಿ, ಕರಡು ವರದಿಯಲ್ಲಿ ಬೇಕಾದ ಬದಲಾವಣೆ ಮಾಡಬೇಕು. ಅದನ್ನು ತಜ್ಞರ ಸಮಿತಿ ನೋಡುತ್ತದೆ. ಆಮೇಲೆ ಯಾರಾದರೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರೆ, ದಾಖಲಾದ ಆಕ್ಷೇಪ ದೊಡ್ಡ ಆಧಾರ.

ಆದ್ದರಿಂದ ಆಕ್ಷೇಪ ಹೇಗೆ ಬರೆದಿದೆ ಅನ್ನೋದು ಮುಖ್ಯ. "ಪಶ್ಚಿಮ ಘಟ್ಟ ಉಳಿಸಿ" ಅನ್ನೋದಕ್ಕೆ "ಅಗತ್ಯ ಕ್ರಮ ಕೈಗೊಳ್ಳಲಾಗುವುದು" ಅನ್ನೋ ಉತ್ತರ ಸಾಕಾಗುತ್ತದೆ. ಆದರೆ "ಸುರಂಗ ಕೊರೆದ ಕಲ್ಲುಮಣ್ಣು ಎಷ್ಟು ಘನ ಮೀಟರ್, ಎಲ್ಲಿ ಹಾಕ್ತೀರಿ, ಮಳೆಗಾಲದಲ್ಲಿ ಅದು ಹೊಳೆಗೆ ಇಳಿಯದಂತೆ ಏನು ವ್ಯವಸ್ಥೆ?" ಅಂತ ಕೇಳಿದರೆ ನಂಬರ್ ಕೊಡಲೇಬೇಕಾಗುತ್ತದೆ. "ಇಷ್ಟೇ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡುವುದಕ್ಕೆ ಹೋಲಿಸಿ ನೋಡಿದ್ದೀರಾ?" ಅನ್ನೋದೂ ಅಂಥದ್ದೇ. ಇಂಥ ಪ್ರಶ್ನೆ ಕೇಳಲು ಬೇಕಾದ ವಿದ್ಯೆ ಸಿವಿಲ್, ಎಲೆಕ್ಟ್ರಿಕಲ್ ಓದುವ ನಮ್ಮ ಹತ್ತಿರ ಇದೆ. ಹೊಳೆಯ ಬಗ್ಗೆ ಗೊತ್ತಿರುವುದು ಅಲ್ಲಿಯ ಜನರಿಗೆ. ಎರಡೂ ಸೇರಿದರೆ ಆಕ್ಷೇಪಕ್ಕೆ ತೂಕ ಬರುತ್ತದೆ.

ಬೆಂಗಳೂರಲ್ಲಿ ಕೂತವರಿಗೆ ಏನು?

ಸ್ಥಳೀಯರಲ್ಲದಿದ್ದರೂ, ಯೋಜನೆಯ ಪರಿಸರ ವಿಷಯಗಳಲ್ಲಿ ಸಕಾರಣ ಆಸಕ್ತಿ ಇರುವವರು ಲಿಖಿತವಾಗಿ ಅಭಿಪ್ರಾಯ ಕಳಿಸಲು ಅದೇ ಅಧಿಸೂಚನೆ ಅವಕಾಶ ಕೊಟ್ಟಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ಕಚೇರಿ ಪರಿಸರ ಭವನ ಇರುವುದು ಚರ್ಚ್ ಸ್ಟ್ರೀಟ್‌ನಲ್ಲಿ. ಕೆ.ಆರ್. ಪುರ, ಇಂದಿರಾನಗರ, ಹಲಸೂರಿನಿಂದ ನೇರಳೆ ಮೆಟ್ರೊ ಹತ್ತಿ ಎಂ.ಜಿ. ರೋಡಲ್ಲಿ ಇಳಿದರೆ ಆಯ್ತು. ಇನ್ನು, ವಿದ್ಯುತ್ತಿನ ಖರ್ಚು ಕೊನೆಗೆ ದರದಲ್ಲೇ ಬರುವುದು. ಆ ದರದ ಬಗ್ಗೆಯೂ ಸಾರ್ವಜನಿಕರ ಅಹವಾಲು ಕೇಳುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಚೇರಿ ವಸಂತನಗರದಲ್ಲಿ, ಕಂಟೋನ್ಮೆಂಟ್ ಸ್ಟೇಷನ್ನಿಗೆ ಹತ್ತಿರದಲ್ಲೇ ಇದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಇಂಥ ಅಹವಾಲು ಸಭೆ ಅನ್ನೋದೇ ಇರಲಿಲ್ಲ. ಅಂದು ಮುಳುಗಡೆಯಾದ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದವು. ಆ ವಿದ್ಯುತ್ತಿನಿಂದ ಬೆಳೆದ ಊರುಗಳಲ್ಲಿ ನಮ್ಮದೂ ಒಂದು. ಯೋಜನೆ ಬೇಕು ಅಂತ ಬರೆಯಿರಿ, ಬೇಡ ಅಂತ ಬರೆಯಿರಿ. ಆದರೆ ಮುಂದಿನ ಪ್ರಕಟಣೆ ಬಂದಾಗ ಆ 30 ದಿನಗಳಲ್ಲಿ ಕರಡು ವರದಿಯ ಒಂದು ಅಧ್ಯಾಯವನ್ನಾದರೂ ಓದಿ, ಲೆಕ್ಕ ಹಾಕಿ, ಒಂದು ಪುಟ ಬರೆದು ಕಳಿಸೋಣ.